ಕಾವಲಿಯಲ್ಲಿ ಗರಿಗರಿ ಆಲೂಗಡ್ಡೆ: ಮೊದಲು ನೀರನ್ನು ಹೊರಗೆ ಕಳುಹಿಸಿ

ಕೊಡಗಿನ ಸುಂಟಿಕೊಪ್ಪದ ಸಮೀಪದ ತೋಟದ ಮನೆಯಿಂದ ಓದುಗರೊಬ್ಬರು ಹೀಗೆ ಕೇಳಿದ್ದಾರೆ: “ಬೆಳಗಿನ ಅಕ್ಕಿ ರೊಟ್ಟಿಯ ಜೊತೆಗೆ ಮಕ್ಕಳಿಗೆ ಗರಿಗರಿಯಾದ ಆಲೂಗಡ್ಡೆ ಹುರಿದು ಕೊಡಬೇಕೆಂಬ ಆಸೆ. ಎಣ್ಣೆಯಲ್ಲಿ ಮುಳುಗಿಸಿ ಕರಿಯುವುದು ಬೇಡ, ಕಾವಲಿಯಲ್ಲೇ ಆಗಬೇಕು. ಹಸಿಯಾಗಿ ಹೆಚ್ಚಿ ಹಾಕಿದರೆ ಹೊರಗೆ ಕಪ್ಪಾಗುತ್ತದೆ, ಒಳಗೆ ಬೆಂದಿರುವುದಿಲ್ಲ. ಕುಕ್ಕರಿನಲ್ಲಿ ಬೇಯಿಸಿಕೊಂಡು ಹಾಕಿದರೆ ತಳ ಹಿಡಿದು, ಮಗುಚುವಷ್ಟರಲ್ಲಿ ಪಲ್ಯವಾಗುತ್ತದೆ. ಮಳೆಗಾಲದಲ್ಲಂತೂ ಹೇಗೆ ಮಾಡಿದರೂ ಮೆತ್ತಗೆ. ಆಲೂಗಡ್ಡೆಯನ್ನು ಫ್ರಿಜ್‌ನಲ್ಲಿಡುವುದು ಸರಿಯೇ? ಏಳೂವರೆಗೆ ಶಾಲೆಯ ಬಸ್ಸು ಬರುತ್ತದೆ ಎಂಬುದನ್ನೂ ಗಮನದಲ್ಲಿಟ್ಟು ತಿಳಿಸಿ.”

ನೀವು ಹೇಳಿದ ಎರಡು ತೊಂದರೆಗಳು, ಅಂದರೆ ಹಸಿಯದು ಕಪ್ಪಾಗುವುದು ಮತ್ತು ಬೇಯಿಸಿದ್ದು ಪಲ್ಯವಾಗುವುದು, ಬೇರೆ ಬೇರೆಯಾಗಿ ಕಂಡರೂ ಅವುಗಳ ಮೂಲ ಒಂದೇ. ಆಲೂಗಡ್ಡೆಯ ತೂಕದಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ನೀರು. ಅರ್ಧ ಕಿಲೋ ಆಲೂಗಡ್ಡೆಯನ್ನು ನೀವು ಕಾವಲಿಗೆ ಹಾಕಿದಾಗ ಅದರೊಂದಿಗೆ ಸುಮಾರು 400 ಗ್ರಾಂ ನೀರನ್ನೂ ಹಾಕಿರುತ್ತೀರಿ. ಹೋಳಿನ ಮೈಯಲ್ಲಿ ನೀರು ಇರುವವರೆಗೂ ಆ ಮೈ ನೀರು ಕುದಿಯುವ ಶಾಖವನ್ನು ಮೀರಿ ಬಿಸಿಯಾಗುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿರುವ ಮಡಿಕೇರಿಯಲ್ಲಿ ಅದು 96 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಆದರೆ ನಾವು ಬಯಸುವ ಹೊಂಬಣ್ಣ, ಹುರಿದ ಪರಿಮಳ ಮತ್ತು ರುಚಿ ಹುಟ್ಟುವುದು ಸುಮಾರು 140 ಡಿಗ್ರಿ ದಾಟಿದ ಮೇಲೆ, ಆಲೂಗಡ್ಡೆಯಲ್ಲಿರುವ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಒಂದಕ್ಕೊಂದು ಸೇರಿ ಬದಲಾಗುವಾಗ. 1912ರಲ್ಲಿ ಈ ಕ್ರಿಯೆಯನ್ನು ವಿವರಿಸಿದ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲೂಯಿ ಕಮೀಲ್ ಮೇಯಾರ್ ಅವರ ಹೆಸರಿನಲ್ಲೇ ಅದನ್ನು ಮೇಯಾರ್ ಕ್ರಿಯೆ ಎನ್ನುತ್ತಾರೆ. ಕಾಫಿ ಬೀಜವನ್ನು ಹುರಿಯುವಾಗ ಏಳುವ ಘಮದಲ್ಲೂ ಇದೇ ಕ್ರಿಯೆಯ ದೊಡ್ಡ ಪಾಲಿದೆ. ಆದ್ದರಿಂದ ಗರಿಗರಿಯಾಗಿಸುವ ಕೆಲಸವೆಂದರೆ ಮೊದಲು ಹೋಳಿನ ಹೊರಮೈಯಿಂದ ನೀರನ್ನು ಕಳುಹಿಸುವುದು, ಆಮೇಲೆ ಬಣ್ಣ ಬರಿಸುವುದು. ಮುಂದೆ ನಾನು ಹೇಳುವುದೆಲ್ಲವೂ ಈ ಒಂದೇ ಉದ್ದೇಶಕ್ಕೆ ಸೇರಿದ್ದು.

ಹಸಿ ಹೋಳಿನಲ್ಲಿ ಏನಾಗುತ್ತದೆ ಎಂದರೆ, ಒಳಭಾಗ ಬೇಯಲು ಬೇಕಾದ ಸಮಯಕ್ಕಿಂತ ಬಹಳ ಮೊದಲೇ ಕಾವಲಿಗೆ ತಾಗಿದ ಮುಖ ಒಣಗಿ ಸೀಯತೊಡಗುತ್ತದೆ. ಜೊತೆಗೆ ಕತ್ತಿ ತಾಗಿದ ಮುಖದಲ್ಲಿ ಒಡೆದ ಕೋಶಗಳಿಂದ ಹೊರಬಂದ ಪಿಷ್ಟ ಮತ್ತು ಸಕ್ಕರೆ ಅಲ್ಲೇ ಮೆತ್ತಿಕೊಂಡಿರುವುದರಿಂದ ಅದು ಕಾವಲಿಗೆ ಅಂಟುತ್ತದೆ, ಬೇಗ ಕಪ್ಪಾಗುತ್ತದೆ. ಕುಕ್ಕರಿನಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯುತ್ತದೆ. ಒತ್ತಡದೊಳಗಿನ ಹಬೆ 100 ಡಿಗ್ರಿಗಿಂತ ಹೆಚ್ಚು ಬಿಸಿಯಾಗಿರುವುದರಿಂದ ಕೋಶಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಕೆಲವೇ ನಿಮಿಷಗಳಲ್ಲಿ ಕರಗಿಬಿಡುತ್ತದೆ, ಎರಡು ಸೀಟಿಯ ನಡುವಿನ ಅಂತರದಲ್ಲೇ ಹದ ತಪ್ಪುತ್ತದೆ, ಮುಚ್ಚಳ ತೆರೆಯುವವರೆಗೂ ಹೋಳು ತನ್ನದೇ ಹಬೆಯಲ್ಲಿ ನೆನೆಯುತ್ತಿರುತ್ತದೆ. ಪಲ್ಯಕ್ಕೆ ಅದು ಬಹಳ ಒಳ್ಳೆಯ ಹದ. ಹುರಿಯುವುದಕ್ಕೆ ಅಲ್ಲ. ಈ ತಿಂಡಿಯ ಮಟ್ಟಿಗೆ ಕುಕ್ಕರನ್ನು ಸಂಪೂರ್ಣವಾಗಿ ಬದಿಗಿಡಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ.

ಆಲೂಗಡ್ಡೆಯ ಆಯ್ಕೆಯನ್ನೂ ಗಮನಿಸಬೇಕು. ಕೊಡಗಿನ ಅಂಗಡಿಗಳಿಗೆ, ಮಡಿಕೇರಿಯ ಶುಕ್ರವಾರದ ಸಂತೆಗೆ, ಪಕ್ಕದ ಹಾಸನ ಜಿಲ್ಲೆಯ ಗಡ್ಡೆ ಹೇರಳವಾಗಿ ಬರುತ್ತದೆ. ಹಾಸನದ ರೈತರು ಬಹುಕಾಲದಿಂದ ಬೆಳೆದುಕೊಂಡು ಬಂದಿರುವುದು 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ ತಳಿಯನ್ನು. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ರೂಪಿಸಿದ ತಳಿ ಅದು. ಮುಂಗಾರಿನ ಹೊತ್ತಿಗೆ ಬಿತ್ತಿದ ಬೆಳೆ ಆಗಸ್ಟ್, ಸೆಪ್ಟೆಂಬರ್ ಸುಮಾರಿಗೆ ಅಗೆತಕ್ಕೆ ಬರುತ್ತದೆ. ಹೀಗೆ ಹೊಸದಾಗಿ ಬಂದ, ಹೆಬ್ಬೆರಳಿನಲ್ಲಿ ಉಜ್ಜಿದರೆ ಸಿಪ್ಪೆ ಸುಲಿಯುವ ಎಳೆಯ ಗಡ್ಡೆಯಲ್ಲಿ ನೀರಿನಂಶ ಹೆಚ್ಚು; ಅದು ಆಕಾರ ಕೆಡದೆ ಬೇಯುತ್ತದೆ, ಆದರೆ ಗರಿಗರಿಯಾಗಲು ಹೆಚ್ಚು ಹೊತ್ತು ಬೇಕು. ಸಿಪ್ಪೆ ಗಟ್ಟಿಯಾದ, ಬಲಿತ ಗಡ್ಡೆಯಲ್ಲಿ ಪಿಷ್ಟ ಹೆಚ್ಚು. ಅದರ ಹೊರಗೆ ಒಳ್ಳೆಯ ಪದರ ಕಟ್ಟುತ್ತದೆ, ಒಳಗು ಹೂವಿನಂತೆ ಅರಳುತ್ತದೆ. ತಂದ ಗಡ್ಡೆ ಯಾವ ಬಗೆಯದೆಂದು ತಿಳಿಯಬೇಕಾದರೆ ಒಂದು ಲೋಟ ಉಪ್ಪನ್ನು ಅದೇ ಲೋಟದ ಹನ್ನೊಂದು ಅಳತೆ ನೀರಿನಲ್ಲಿ ಕರಗಿಸಿ ಗಡ್ಡೆಯನ್ನು ಬಿಟ್ಟು ನೋಡಿ. ಮುಳುಗಿದರೆ ಪಿಷ್ಟ ಹೆಚ್ಚಿರುವ ಗಡ್ಡೆ, ತೇಲಿದರೆ ನೀರು ಹೆಚ್ಚಿರುವುದು. ಪ್ರತಿ ಸಲವೂ ಇದನ್ನು ಮಾಡಬೇಕಾಗಿಲ್ಲ. ಹೊಸ ಅಂಗಡಿಯಿಂದ ಚೀಲ ತಂದಾಗ ಒಮ್ಮೆ ಮಾಡಿದರೆ ಆ ಚೀಲ ಮುಗಿಯುವವರೆಗೆ ಅಂದಾಜು ಸಿಗುತ್ತದೆ. ಹಸಿರು ತಿರುಗಿದ ಗಡ್ಡೆಯನ್ನು ಮಾತ್ರ ಯಾವ ಕಾರಣಕ್ಕೂ ಬಳಸಬೇಡಿ. ಬೆಳಕು ತಾಗಿದ ಗಡ್ಡೆಯಲ್ಲಿ ಹೆಚ್ಚುವ ಸೊಲನಿನ್ ಎಂಬ ಕಹಿ ವಿಷ ಬೇಯಿಸಿದರೂ ಹುರಿದರೂ ನಾಶವಾಗುವುದಿಲ್ಲ, ಮತ್ತು ಮಕ್ಕಳ ದೇಹಕ್ಕೆ ಅದರ ಸ್ವಲ್ಪ ಪ್ರಮಾಣವೂ ಹೆಚ್ಚೇ.

ಫ್ರಿಜ್‌ನ ಪ್ರಶ್ನೆ ಇಲ್ಲಿಯೇ ಬರುತ್ತದೆ. ಹಸಿ ಆಲೂಗಡ್ಡೆಯನ್ನು ದಿನಗಟ್ಟಲೆ ಫ್ರಿಜ್‌ನಲ್ಲಿಟ್ಟರೆ ಅದರೊಳಗಿನ ಪಿಷ್ಟದ ಒಂದಂಶ ಸಕ್ಕರೆಯಾಗಿ ಬದಲಾಗುತ್ತದೆ. ಅಂಥ ಗಡ್ಡೆ ಕಾವಲಿಗೆ ಬಿದ್ದೊಡನೆ, ಗರಿಗರಿಯಾಗುವುದಕ್ಕೆ ಮೊದಲೇ, ಕಡುಕಂದು ಬಣ್ಣಕ್ಕೆ ತಿರುಗಿ ಸಿಹಿಕಹಿ ಬೆರೆತ ರುಚಿ ಕೊಡುತ್ತದೆ. ನೀವು ಹಸಿ ಹೋಳು ಕಪ್ಪಾಗುತ್ತದೆ ಎಂದು ಬರೆದುದನ್ನೂ, ಫ್ರಿಜ್‌ನಲ್ಲಿಡಬಹುದೇ ಎಂದು ಕೇಳಿದುದನ್ನೂ ಒಟ್ಟಿಗೆ ನೋಡಿದಾಗ, ನಿಮ್ಮ ಗಡ್ಡೆ ಈಗಾಗಲೇ ಫ್ರಿಜ್‌ನಲ್ಲಿ ಇದ್ದದ್ದೇ ಇರಬೇಕು ಎಂದು ನನಗೆ ಅನ್ನಿಸುತ್ತದೆ. ಹಾಗಿದ್ದರೆ ಅದನ್ನು ಹೊರಗೆ ತೆಗೆದು, ಗೋಣಿಚೀಲದಲ್ಲೋ ಬಿದಿರಿನ ಬುಟ್ಟಿಯಲ್ಲೋ ಹಾಕಿ, ನೆಲದ ತೇವ ತಾಗದಂತೆ ಹಲಗೆಯ ಮೇಲೆ, ಬೆಳಕು ಬೀಳದ ಮತ್ತು ಗಾಳಿಯಾಡುವ ಕಡೆ ಇಡಿ. ಕೊಡಗಿನ ಹವೆ ಗಡ್ಡೆಯನ್ನು ಇಡುವುದಕ್ಕೆ ಬಯಲುಸೀಮೆಗಿಂತ ಎಷ್ಟೋ ಅನುಕೂಲ. ಮಳೆಯ ತಿಂಗಳುಗಳ ತೇವ ಒಂದೇ ತೊಡಕು, ಆ ದಿನಗಳಲ್ಲಿ ವಾರಕ್ಕೆ ಬೇಕಾದಷ್ಟನ್ನೇ ತರುವುದು ಲೇಸು. ಬೇಯಿಸಿದ ಆಲೂಗಡ್ಡೆಯ ವಿಷಯ ಬೇರೆ. ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವಗಳು ಬೇಯುವಾಗಲೇ ನಿಷ್ಕ್ರಿಯವಾಗಿರುವುದರಿಂದ ಅದನ್ನು ಫ್ರಿಜ್‌ನಲ್ಲಿಡಬಹುದು. ನಿಮ್ಮ ಬೆಳಗಿನ ಅವಸರಕ್ಕೆ ಪರಿಹಾರ ಇರುವುದೂ ಇದರಲ್ಲೇ. ಅದನ್ನು ಮುಂದೆ ವಿವರಿಸುತ್ತೇನೆ.

ನಾಲ್ಕು ಜನರಿಗೆ ಸಿಪ್ಪೆ ತೆಗೆದ ಅರ್ಧ ಕಿಲೋ ಆಲೂಗಡ್ಡೆ ಸಾಕು. ಒಂದೂವರೆ ಸೆಂಟಿಮೀಟರ್ ಅಳತೆಯ ಚೌಕ ಹೋಳುಗಳಾಗಿ, ಎಲ್ಲವೂ ಒಂದೇ ಗಾತ್ರದಲ್ಲಿರುವಂತೆ ಹೆಚ್ಚಿರಿ. ಒಂದೇ ಗಾತ್ರ ಎನ್ನುವುದು ಅಂದಕ್ಕಾಗಿ ಹೇಳುವ ಮಾತಲ್ಲ. ಸಣ್ಣದು ಸೀಯುವಾಗ ದೊಡ್ಡದು ಇನ್ನೂ ಹಸಿಯಾಗಿರುತ್ತದೆ, ನಡುವಿನ ಹದವನ್ನು ಯಾವ ಉರಿಯೂ ಸರಿಪಡಿಸಲಾರದು. ಹೋಳುಗಳನ್ನು ತಣ್ಣೀರಿನಲ್ಲಿ ಹಾಕಿ ಕೈಯಾಡಿಸಿ. ನೀರು ಹಾಲಿನಂತೆ ಬೆಳ್ಳಗಾಗುತ್ತದೆ, ಅದೇ ಅಂಟಿಗೆ ಕಾರಣವಾದ ಬಿಡಿ ಪಿಷ್ಟ. ನೀರು ಬಹುತೇಕ ತಿಳಿಯಾಗುವವರೆಗೆ ಎರಡು ಮೂರು ಸಲ ಬದಲಾಯಿಸಿ.

ಆಮೇಲೆ ಅಗಲ ಬಾಯಿಯ ಪಾತ್ರೆಯಲ್ಲಿ ಒಂದೂವರೆ ಲೀಟರ್ ತಣ್ಣೀರು, ಎರಡು ಸಣ್ಣ ಚಮಚ ಉಪ್ಪು ಮತ್ತು ಒಂದು ಸಣ್ಣ ಚಮಚ ವಿನಿಗರ್ ಸೇರಿಸಿ, ಹೋಳುಗಳನ್ನು ಆ ತಣ್ಣೀರಿಗೇ ಹಾಕಿ ಒಲೆಯ ಮೇಲಿಡಿ. ಕುದಿಯುವ ನೀರಿಗೆ ಹಾಕಿದರೆ ಹೊರಗು ಬೆಂದು ಒಡೆಯುವಾಗ ಒಳಗು ಇನ್ನೂ ಬಿಸಿಯಾಗುತ್ತಿರುತ್ತದೆ. ತಣ್ಣೀರಿನಿಂದ ಶುರುವಾದರೆ ಎರಡೂ ಜೊತೆಯಾಗಿ ಬೇಯುತ್ತವೆ. ವಿನಿಗರ್ ಏಕೆಂದರೆ, ಹುಳಿಯ ನೀರಿನಲ್ಲಿ ಪೆಕ್ಟಿನ್ ಸುಲಭವಾಗಿ ಕರಗುವುದಿಲ್ಲ. ಹೋಳು ಒಳಗೆ ಮೆತ್ತಗಾದರೂ ಅಂಚು ಮುರಿಯದೆ ನಿಲ್ಲುತ್ತದೆ. ವಿನಿಗರ್ ಇಲ್ಲದಿದ್ದರೆ ಅರ್ಧ ನಿಂಬೆಯ ರಸವೂ ಆದೀತು. ಹುಳಿಹಣ್ಣಿನ ರಸವನ್ನು ಕಪ್ಪಾಗಿ ಗಟ್ಟಿಯಾಗುವವರೆಗೆ ಕುದಿಸಿ ಮಾಡುವ ನಮ್ಮ ಕೊಡಗಿನ ಕಾಚಂಪುಳಿಯೂ ಹುಳಿಯೇ ಆದರೂ ಅದನ್ನು ಈ ನೀರಿಗೆ ಹಾಕಬೇಡಿ. ಹೋಳಿಗೆ ಮಂಕುಬಣ್ಣ ಹತ್ತುತ್ತದೆ, ಅಷ್ಟು ಶ್ರಮದಿಂದ ಕುದಿಸಿ ಇಳಿಸಿದ ಪದಾರ್ಥ ಚೆಲ್ಲುವ ನೀರಿನ ಪಾಲಾಗುತ್ತದೆ. ಅದಕ್ಕೆ ಕೊನೆಯಲ್ಲಿ ಒಳ್ಳೆಯ ಸ್ಥಾನವಿದೆ. ಕೆಲವರು ವಿನಿಗರ್ ಬದಲು ಅಡುಗೆ ಸೋಡಾ ಹಾಕಲು ಸಲಹೆ ಕೊಡುತ್ತಾರೆ. ಸೋಡಾ ಪೆಕ್ಟಿನ್ನನ್ನು ಬೇಗ ಕರಗಿಸಿ ಹೊರಮೈಯನ್ನು ತರಿತರಿಯಾಗಿಸುವುದರಿಂದ, ಓವನ್ನಿನಲ್ಲಿ ದೊಡ್ಡ ತುಂಡುಗಳನ್ನು ಸುಡುವವರಿಗೆ ಅದು ಸರಿಯಾದ ದಾರಿ. ಕಾವಲಿಯ ಮೇಲೆ ಮತ್ತೆ ಮತ್ತೆ ಮಗುಚಬೇಕಾದ ಸಣ್ಣ ಹೋಳಿಗೆ ಅದು ಹೊಂದುವುದಿಲ್ಲ, ನಿಮ್ಮ ದೂರಿನಲ್ಲಿರುವ ಪಲ್ಯವೇ ಮತ್ತೆ ಸಿಗುತ್ತದೆ.

ನೀರು ಕುದಿ ಬಂದ ಮೇಲೆ ಉರಿ ತಗ್ಗಿಸಿ, ಸಣ್ಣಗೆ ಕುದಿಯುತ್ತಿರುವಂತೆ ಐದಾರು ನಿಮಿಷ ಬಿಡಿ. ಅಡುಗೆ ಪುಸ್ತಕಗಳಲ್ಲಿ ಕೊಟ್ಟಿರುವ ಸಮಯಕ್ಕಿಂತ ನಮ್ಮ ಎತ್ತರದ ಊರುಗಳಲ್ಲಿ ಒಂದೆರಡು ನಿಮಿಷ ಹೆಚ್ಚು ಬೇಕಾಗುತ್ತದೆ, ಏಕೆಂದರೆ ಇಲ್ಲಿ ಕುದಿಯುವ ನೀರೇ ಅಷ್ಟು ಬಿಸಿಯಾಗಿರುವುದಿಲ್ಲ. ಕುಶಾಲನಗರದವರಿಗಿಂತ ಮಡಿಕೇರಿಯವರಿಗೆ ಈ ವ್ಯತ್ಯಾಸ ಹೆಚ್ಚು. ಗಡಿಯಾರಕ್ಕಿಂತ ಚಾಕುವನ್ನು ನಂಬುವುದು ಒಳ್ಳೆಯದು. ಚಾಕುವಿನ ತುದಿ ಹೋಳಿನೊಳಗೆ ಇಳಿಯಬೇಕು, ಆದರೆ ನಡುವಿನಲ್ಲಿ ಚೂರು ತಡೆ ಸಿಗಬೇಕು, ಚಾಕುವನ್ನು ಎತ್ತಿದರೆ ಹೋಳು ಕ್ಷಣಕಾಲ ಅದರಲ್ಲೇ ನಿಂತು ಆಮೇಲೆ ಜಾರಬೇಕು. ತಾನಾಗಿ ಬಿರಿಯಿತೆಂದರೆ ಹದ ಮೀರಿದೆ ಎಂದರ್ಥ, ಆ ದಿನ ಅದನ್ನು ಪಲ್ಯಕ್ಕೇ ಬಳಸಿಕೊಳ್ಳುವುದು ಉತ್ತಮ.

ಇನ್ನು ಮುಂದಿನ ಹಂತವನ್ನು ಬಹಳ ಮನೆಗಳಲ್ಲಿ ಬಿಟ್ಟೇಬಿಡುತ್ತಾರೆ, ಮತ್ತು ನನ್ನ ಮಟ್ಟಿಗೆ ಇಡೀ ತಿಂಡಿಯ ಹಣೆಬರಹ ಅಲ್ಲಿಯೇ ತೀರ್ಮಾನವಾಗುತ್ತದೆ. ನೀರನ್ನು ಸಂಪೂರ್ಣವಾಗಿ ಬಸಿದು, ಹೋಳುಗಳನ್ನು ಅದೇ ಬಿಸಿ ಪಾತ್ರೆಗೆ ಮರಳಿ ಹಾಕಿ, ಮುಚ್ಚಳವಿಲ್ಲದೆ ಅತಿ ಸಣ್ಣ ಉರಿಯ ಮೇಲೆ ಒಂದು ನಿಮಿಷ ಇಡಿ. ಪಾತ್ರೆಯನ್ನು ಒಂದೆರಡು ಬಾರಿ ಮೆಲ್ಲನೆ ಅಲುಗಾಡಿಸಿ. ಮೊದಲು ದಟ್ಟವಾಗಿ ಏಳುವ ಹಬೆ ತೆಳುವಾಗುತ್ತಾ ಬರುತ್ತದೆ, ಹೊಳೆಯುತ್ತಿದ್ದ ಮೈ ಮಂಕಾಗುತ್ತದೆ, ಅಂಚುಗಳಲ್ಲಿ ಸುಣ್ಣದ ಪುಡಿ ಮೆತ್ತಿದಂತೆ ಬಿಳಿಯ ತರಿ ಕಾಣಿಸಿಕೊಳ್ಳುತ್ತದೆ. ಆ ತರಿಯೇ ಮುಂದೆ ಗರಿಯಾಗುವ ಭಾಗ. ಆಗ ಹೋಳುಗಳನ್ನು ಅಗಲವಾದ ತಟ್ಟೆಯಲ್ಲಿ, ಒಂದಕ್ಕೊಂದು ತಾಗದಂತೆ, ಹತ್ತು ನಿಮಿಷ ಹರಡಿಡಿ. ಬೇಸಿಗೆಯಲ್ಲೂ, ಕಾಫಿ ಕುಯಿಲಿನ ಒಣ ಚಳಿಯ ತಿಂಗಳುಗಳಲ್ಲೂ ಇಷ್ಟೇ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಇದು ಸಾಲದು, ಏಕೆಂದರೆ ತೋಟದ ಮನೆಯ ಅಡುಗೆಮನೆಯ ಗಾಳಿಯೇ ನೀರಿನಿಂದ ತುಂಬಿರುವಾಗ ಹೋಳಿನ ತೇವ ಹೋಗುವುದಾದರೂ ಎಲ್ಲಿಗೆ? ಮಳೆಗಾಲದಲ್ಲಿ ಏನು ಮಾಡಿದರೂ ಮೆತ್ತಗೆ ಎಂಬ ನಿಮ್ಮ ಮಾತಿಗೆ ಕಾರಣ ಇದೇ. ಆ ದಿನಗಳಲ್ಲಿ ತಟ್ಟೆಯನ್ನು ಫ್ಯಾನಿನ ಕೆಳಗಿಡಿ, ಅಥವಾ ಸೌದೆ ಒಲೆ ಉರಿಯುತ್ತಿದ್ದರೆ ಅದರ ಬದಿಯ ಬೆಚ್ಚನೆಯ ಕಟ್ಟೆಯ ಮೇಲಿಡಿ, ಮತ್ತು ಹುರಿಯುವ ಮೊದಲು ಅರ್ಧ ಕಿಲೋಗೆ ಎರಡು ಸಣ್ಣ ಚಮಚದಂತೆ ಒಣ ಅಕ್ಕಿಹಿಟ್ಟನ್ನು ಉದುರಿಸಿ ತೆಳುವಾಗಿ ಹೊರಳಿಸಿ. ಅಕ್ಕಿಹಿಟ್ಟು ಮೇಲಿನ ತೇವವನ್ನು ಹೀರಿಕೊಂಡು ಗಟ್ಟಿಯಾದ ತೆಳು ಪದರವಾಗುತ್ತದೆ. ಹವೆ ಒಣಗಿರುವಾಗ ಹಿಟ್ಟಿನ ಸಹಾಯ ಬೇಡ, ಆಲೂಗಡ್ಡೆಯ ಸ್ವಂತ ಪದರದ ರುಚಿಗೆ ಯಾವ ಹಿಟ್ಟೂ ಸಾಟಿಯಲ್ಲ.

ಕಾವಲಿ ಬೀಡಿನದಾಗಿದ್ದರೆ ಉತ್ತಮ. ದಪ್ಪ ಬೀಡು ಒಮ್ಮೆ ಕಾದ ಮೇಲೆ ಹೋಳುಗಳು ಬಿದ್ದಾಗಲೂ ಕಾವನ್ನು ಕಳೆದುಕೊಳ್ಳುವುದಿಲ್ಲ. ತೆಳು ಅಲ್ಯೂಮಿನಿಯಂ ಆ ಕ್ಷಣಕ್ಕೆ ತಣ್ಣಗಾಗುತ್ತದೆ, ಹೋಳು ಹುರಿಯುವ ಬದಲು ಅಂಟುತ್ತದೆ. ನಾನ್‌ಸ್ಟಿಕ್‌ನಲ್ಲಿ ಅಂಟುವ ಭಯವಿಲ್ಲ, ಆದರೆ ಅದನ್ನು ಖಾಲಿಯಾಗಿ ಜೋರು ಉರಿಯಲ್ಲಿ ಕಾಯಿಸಬಾರದಾದ್ದರಿಂದ ಪದರ ಸ್ವಲ್ಪ ತೆಳುವಾಗಿಯೇ ಬರುತ್ತದೆ. ಇದಕ್ಕಿಂತಲೂ ಮುಖ್ಯವಾದುದು ಕಾವಲಿಯ ಅಗಲ. ಒಂದೂವರೆ ಸೆಂಟಿಮೀಟರ್‌ನ ಒಂದು ಹೋಳು ಮೂರೂವರೆ ಗ್ರಾಂಗಿಂತ ತುಸು ಹೆಚ್ಚು ತೂಗುತ್ತದೆ. ಅಂದರೆ ಅರ್ಧ ಕಿಲೋಗೆ ಸುಮಾರು 140 ಹೋಳು. ಅವೆಲ್ಲವೂ ಒಂದೊಂದು ಮುಖವನ್ನು ಕಾವಲಿಗೆ ತಾಗಿಸಿ ಕೂರಲು 310 ಚದರ ಸೆಂಟಿಮೀಟರಿನಷ್ಟು ಜಾಗ ಬೇಕು. 28 ಸೆಂಟಿಮೀಟರ್ ಅಡ್ಡಳತೆಯ ದೋಸೆ ಕಾವಲಿಯ ವಿಸ್ತಾರ ಸುಮಾರು 615 ಚದರ ಸೆಂಟಿಮೀಟರ್. ಅರ್ಧ ಜಾಗ ಹೋಳಿಗೆ, ಅರ್ಧ ಜಾಗ ಹಬೆ ಹೊರಬರಲು. ಇದು ತಕ್ಕ ಲೆಕ್ಕ. ಮೇಲ್ಬಾಯಿ ಅಗಲವಾಗಿದ್ದು ತಳ 22 ಸೆಂಟಿಮೀಟರ್ ಇರುವ ಬಾಣಲೆಯಲ್ಲಿ ಅದೇ ಅರ್ಧ ಕಿಲೋ ಒತ್ತೊತ್ತಾಗಿ ತುಂಬಿಕೊಳ್ಳುತ್ತದೆ. ಒಂದು ಹೋಳಿನಿಂದ ಬಂದ ಹಬೆ ಪಕ್ಕದ ಹೋಳನ್ನು ನೆನೆಸುತ್ತದೆ, ಎಲ್ಲವೂ ಸೇರಿ ತಮ್ಮ ಬೆವರಿನಲ್ಲೇ ಬೇಯುತ್ತವೆ. ಅಂಥ ಪಾತ್ರೆಯಷ್ಟೇ ಇದ್ದರೆ ದಯವಿಟ್ಟು ಎರಡು ಕಂತಿನಲ್ಲಿ ಹುರಿಯಿರಿ.

ಎಣ್ಣೆ ಮೂರು ದೊಡ್ಡ ಚಮಚ ಬೇಕು. ಅದಕ್ಕಿಂತ ಕಡಿಮೆಯಾದರೆ ಹೋಳಿಗೂ ಕಾವಲಿಗೂ ನಡುವೆ ಖಾಲಿ ಉಳಿದು, ತಾಗಿದಲ್ಲಿ ಸೀದು ತಾಗದಲ್ಲಿ ಬೆಳ್ಳಗೆ ಉಳಿಯುತ್ತದೆ. ಶೇಂಗಾ ಎಣ್ಣೆ ಅಥವಾ ಶುದ್ಧೀಕರಿಸಿದ ಸೂರ್ಯಕಾಂತಿ ಎಣ್ಣೆ ಹೆಚ್ಚು ಕಾವನ್ನು ತಡೆಯುತ್ತದೆ. ಗಾಣದ ಕೊಬ್ಬರಿ ಎಣ್ಣೆಯ ಪರಿಮಳ ಚೆನ್ನಾಗಿದ್ದರೂ ಅದು ಬೇಗ ಹೊಗೆಯಾಡುವುದರಿಂದ ಉರಿಯನ್ನು ತಗ್ಗಿಸಿಯೇ ಇಡಬೇಕಾಗುತ್ತದೆ. ಬೆಣ್ಣೆಯನ್ನು ಮೊದಲೇ ಹಾಕಬೇಡಿ, ಅದರಲ್ಲಿ ನೀರೂ ಇದೆ, ಸೀದು ಕಪ್ಪಾಗುವ ಹಾಲಿನ ಅಂಶವೂ ಇದೆ. ತುಪ್ಪಕ್ಕೆ ಆ ದೋಷವಿಲ್ಲ, ಒಂದು ಚಮಚ ತುಪ್ಪವನ್ನು ಎಣ್ಣೆಗೆ ಬೆರೆಸಿದರೆ ಬಣ್ಣವೂ ಘಮವೂ ಹೆಚ್ಚುತ್ತವೆ. ಮಾಂಸಾಹಾರದ ಮನೆಯಾಗಿದ್ದು, ಪಂದಿ ಕರಿ ಮಾಡಿದ ದಿನ ಕರಗಿಸಿ ಸೋಸಿ ತೆಗೆದಿಟ್ಟ ಹಂದಿ ಕೊಬ್ಬು ಇದ್ದರೆ ಅದರಲ್ಲೇ ಹುರಿಯಿರಿ. ಆಲೂಗಡ್ಡೆಗೆ ಅದಕ್ಕಿಂತ ಹೊಂದುವ ಜಿಡ್ಡನ್ನು ನಾನು ಕಂಡಿಲ್ಲ.

ಕಾವಲಿಯನ್ನು ಮಧ್ಯಮ ಉರಿಯಲ್ಲಿ ಮೂರು ನಾಲ್ಕು ನಿಮಿಷ ಕಾಯಿಸಿ, ಆಮೇಲೆ ಎಣ್ಣೆ ಹಾಕಿ, ಎಣ್ಣೆ ತೆಳ್ಳಗಾಗಿ ಓಡಾಡತೊಡಗಿದಾಗ ಒಂದು ಹೋಳನ್ನು ಇಟ್ಟು ನೋಡಿ. ಕೂಡಲೇ ಚುಯ್ ಎಂದು ಸದ್ದಾಗಬೇಕು. ಸದ್ದಾದರೆ ಉಳಿದವನ್ನೂ ಸುರಿಯದೆ, ಹರಡುತ್ತಾ ಇಡಿ. ಇನ್ನು ನಾಲ್ಕೈದು ನಿಮಿಷ ಅವನ್ನು ಮುಟ್ಟಲೇಬಾರದು. ಇದು ಕಷ್ಟದ ಕೆಲಸ ಎಂದು ಬಲ್ಲೆ, ಒಲೆಯ ಮುಂದೆ ನಿಂತ ಕೈ ಸುಮ್ಮನಿರಲು ಒಪ್ಪುವುದಿಲ್ಲ. ಆದರೆ ಪದರ ಕಟ್ಟುವುದಕ್ಕೆ ಮೊದಲು ಕೆದಕಿದರೆ ಹೋಳಿನ ತಳ ಕಿತ್ತು ಕಾವಲಿಯಲ್ಲೇ ಉಳಿಯುತ್ತದೆ, ಪದರ ಕಟ್ಟಿದ ಮೇಲಾದರೆ ಹೋಳು ತಾನಾಗಿ ಬಿಟ್ಟುಕೊಳ್ಳುತ್ತದೆ. ಕಣ್ಣಿಗಿಂತ ಕಿವಿ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮೊದಲಿಗೆ ಸದ್ದು ಜೋರಾಗಿ, ಒದ್ದೆಯಾಗಿ, ಎಡೆಬಿಡದೆ ಇರುತ್ತದೆ. ಅದು ನೀರು ಹಬೆಯಾಗಿ ಎಣ್ಣೆಯನ್ನು ಸೀಳಿಕೊಂಡು ಬರುವ ಸದ್ದು. ಕ್ರಮೇಣ ಅದು ಕುಗ್ಗುತ್ತದೆ, ಬಿಡಿಬಿಡಿಯಾಗುತ್ತದೆ, ಕೊನೆಗೆ ಅಲ್ಲೊಂದು ಇಲ್ಲೊಂದು ಚಿಟಿಚಿಟಿಯಾಗಿ ಉಳಿಯುತ್ತದೆ. ಆಗ ಹೊರಮೈಯ ನೀರು ಮುಗಿದಿದೆ, ಶಾಖ ಏರತೊಡಗಿದೆ, ಬಣ್ಣ ಇನ್ನು ಒಂದೆರಡು ನಿಮಿಷದ ಮಾತು. ಸದ್ದು ಪೂರ್ತಿ ನಿಂತು ಎಣ್ಣೆಯಿಂದ ತೆಳುಹೊಗೆ ಎದ್ದರೆ ಉರಿ ಹೆಚ್ಚಾಗಿದೆ ಎಂದು ತಿಳಿದು ತಗ್ಗಿಸಿ.

ದೋಸೆ ಎಬ್ಬಿಸುವ ಸಟ್ಟುಗವನ್ನು ಕಾವಲಿಗೆ ಒತ್ತಿ ಹಿಡಿದು, ಹೋಳುಗಳ ಅಡಿಗೆ ತೂರಿಸಿ, ಒಂದಿಷ್ಟನ್ನು ಒಟ್ಟಿಗೆ ಮಗುಚಿ. ಎಲ್ಲ ಆರು ಮುಖಗಳಿಗೂ ಬಣ್ಣ ಬರಬೇಕೆಂಬ ಹಟ ಬೇಡ, ಮೂರು ನಾಲ್ಕು ಮುಖ ಹೊಂಬಣ್ಣಕ್ಕೆ ಬಂದರೆ ತಿನ್ನುವವರಿಗೆ ಪೂರ್ತಿ ಗರಿಗರಿಯಾಗಿಯೇ ತೋರುತ್ತದೆ. ಮೊದಲ ಸಲ ಮಗುಚಿದ ಮೇಲೆ ಎರಡು ನಿಮಿಷಕ್ಕೊಮ್ಮೆ ತಿರುವುತ್ತಾ ಬನ್ನಿ, ಒಟ್ಟು ಹನ್ನೆರಡರಿಂದ ಹದಿನೈದು ನಿಮಿಷ ಹಿಡಿಯುತ್ತದೆ. ಬಣ್ಣ ಹೊಂಬಣ್ಣದಲ್ಲೇ ನಿಲ್ಲಬೇಕು ಎನ್ನುವುದಕ್ಕೆ ರುಚಿಯನ್ನು ಬಿಟ್ಟು ಇನ್ನೊಂದು ಕಾರಣವೂ ಇದೆ. ಆಲೂಗಡ್ಡೆಯಂಥ ಪಿಷ್ಟದ ಪದಾರ್ಥವನ್ನು 120 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಹುರಿದಾಗ ಅಕ್ರಿಲಮೈಡ್ ಎಂಬ ಹಾನಿಕರ ವಸ್ತು ಉಂಟಾಗುತ್ತದೆ ಎಂಬುದನ್ನು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಬಣ್ಣ ಗಾಢವಾದಷ್ಟೂ ಅದರ ಪ್ರಮಾಣ ಏರುತ್ತದೆ. ಮೊದಲು ತೊಳೆದು, ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಿದ್ದರಿಂದ ಅದಕ್ಕೆ ಬೇಕಾದ ಸಕ್ಕರೆಯ ಒಂದು ಭಾಗ ಆಗಲೇ ಹೋಗಿರುತ್ತದೆ. ಕಡುಕಂದಾಗಲು ಬಿಡದಿದ್ದರೆ ಮಕ್ಕಳಿಗೆ ಕೊಡುವುದಕ್ಕೆ ಅಂಜಬೇಕಾಗಿಲ್ಲ.

ಈರುಳ್ಳಿ ಬೇಕೆನ್ನುವವರು ಅದನ್ನು ಬೇರೆಯಾಗಿ ಬಾಡಿಸಿಕೊಂಡು ಕೊನೆಯಲ್ಲಿ ಸೇರಿಸಬೇಕು. ಜೊತೆಯಲ್ಲೇ ಹಾಕಿದರೆ ಅದು ಬಿಡುವ ನೀರು ಅಷ್ಟೂ ಶ್ರಮವನ್ನು ಹಾಳುಮಾಡುತ್ತದೆ. ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಸಣ್ಣಗೆ ಹೆಚ್ಚಿದ ಗಾಂಧಾರಿ ಮೆಣಸು ಯಾವುದಾದರೂ ಕೊನೆಯ ಎರಡು ನಿಮಿಷಕ್ಕೆ. ಉಳಿದ ಉಪ್ಪೂ ಆಗಲೇ, ಏಕೆಂದರೆ ಮೊದಲೇ ಉದುರಿಸಿದ ಉಪ್ಪು ಒಳಗಿನ ನೀರನ್ನು ಹೊರಗೆಳೆಯುತ್ತದೆ. ಕಾಳುಮೆಣಸನ್ನು ಮಾತ್ರ ಒಲೆ ಆರಿಸಿದ ಮೇಲೆಯೇ ಹಾಕಿ. ನಿಮ್ಮ ತೋಟದ ಮರಗಳಿಗೆ ಹಬ್ಬಿದ ಬಳ್ಳಿಯಿಂದಲೇ ಬಂದ ಮೆಣಸನ್ನು ಆಗತಾನೆ ಕುಟ್ಟಿ ಹಾಕಿದಾಗಿನ ಘಾಟು, ಅದೇ ಮೆಣಸನ್ನು ಹದಿನೈದು ನಿಮಿಷ ಎಣ್ಣೆಯಲ್ಲಿ ಹುರಿದಾಗ ಉಳಿಯುವುದಿಲ್ಲ, ಬರೀ ಖಾರ ಮತ್ತು ಕಮಟು ಉಳಿಯುತ್ತದೆ. ಕಾಚಂಪುಳಿಯ ಸರದಿಯೂ ಆಗಲೇ. ಅರ್ಧ ಕಿಲೋಗೆ ಏಳೆಂಟು ಹನಿ ಸಾಕು. ಬಿಸಿ ಕಾವಲಿಯ ಖಾಲಿ ಜಾಗಕ್ಕೆ ಹನಿಸಿ, ಅದರ ನೀರು ಆರಿದ ಕೂಡಲೇ ಹೋಳುಗಳನ್ನು ಅದರ ಮೇಲೆ ಒಮ್ಮೆ ಹೊರಳಿಸಿ. ಹೋಳಿನ ಮೇಲೆಯೇ ಸುರಿದರೆ ಗರಿ ಹೋಗುತ್ತದೆ. ಮೆಣಸಿನ ಘಾಟು, ಕಾಚಂಪುಳಿಯ ಹೊಗೆಯ ವಾಸನೆ ಬೆರೆತ ಹುಳಿ, ಆಲೂಗಡ್ಡೆಯ ಒಳಗಿನ ಮೆದು ಸಿಹಿ, ಇವು ಮೂರೂ ಕೂಡಿದಾಗ ಅಕ್ಕಿ ಒಟ್ಟಿಗೂ (ಕೊಡಗಿನ ಅಕ್ಕಿ ರೊಟ್ಟಿ) ಎಳ್ಳು ಪಜ್ಜಿಗೂ (ಎಳ್ಳಿನ ಚಟ್ನಿ) ಬಹಳ ಚೆನ್ನಾಗಿ ಒಗ್ಗುತ್ತದೆ.

ಏಳೂವರೆಯ ಬಸ್ಸಿಗೆ ಇದೆಲ್ಲ ಹೇಗೆ ಸಾಧ್ಯ ಎಂದರೆ, ಬೇಯಿಸುವುದನ್ನು ಹಿಂದಿನ ರಾತ್ರಿಯೇ ಮುಗಿಸಿಕೊಳ್ಳುವುದರಿಂದ. ರಾತ್ರಿಯ ಅಡುಗೆಯ ಜೊತೆಯಲ್ಲೇ ಹೋಳುಗಳನ್ನು ಬೇಯಿಸಿ, ಬಸಿದು, ಹಬೆಯಾಡಿಸಿ, ಪೂರ್ತಿ ಆರಿದ ಮೇಲೆ ತಟ್ಟೆಯಲ್ಲಿ ಹರಡಿ, ಮುಚ್ಚದೆ ಫ್ರಿಜ್‌ನಲ್ಲಿಡಿ. ಫ್ರಿಜ್‌ನೊಳಗಿನ ಒಣ ಗಾಳಿ ರಾತ್ರಿಯಿಡೀ ಹೊರಮೈಯನ್ನು ಒಣಗಿಸುತ್ತದೆ, ತಣ್ಣಗಾದ ಪಿಷ್ಟ ಬಿಗಿದುಕೊಂಡು ಹೋಳು ಗಟ್ಟಿಯಾಗುತ್ತದೆ. ಮಳೆಗಾಲದಲ್ಲಂತೂ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ, ಹೊರಗಿನ ಹವೆ ಮಾಡಿಕೊಡದ ಕೆಲಸವನ್ನು ಫ್ರಿಜ್ ಮಾಡಿಕೊಡುತ್ತದೆ. ಚಳಿ ಇದೆಯಲ್ಲ ಎಂದು ಬೇಯಿಸಿದ ಹೋಳನ್ನು ರಾತ್ರಿ ಅಡುಗೆಕಟ್ಟೆಯ ಮೇಲೆಯೇ ಬಿಡುವುದು ಸರಿಯಲ್ಲ. ತೇವವಿರುವ ಪಿಷ್ಟದಲ್ಲಿ ರೋಗಾಣುಗಳು ಸುಲಭವಾಗಿ ಬೆಳೆಯುತ್ತವೆ, ಬೆಂದ ಎರಡು ಗಂಟೆಯೊಳಗೆ ಅದು ಫ್ರಿಜ್ ಸೇರಿರಬೇಕು. ಬೆಳಿಗ್ಗೆ ಆರೂ ಮುಕ್ಕಾಲಿಗೆ ಕಾವಲಿ ಒಲೆಗೇರಿದರೆ ಏಳೂ ಐದರ ಹೊತ್ತಿಗೆ ತಿಂಡಿ ತಟ್ಟೆಯಲ್ಲಿರುತ್ತದೆ. ಅಕ್ಕಿ ರೊಟ್ಟಿಗೆ ಇನ್ನೊಂದು ಒಲೆಯಲ್ಲಿ ಬೇರೆ ಕಾವಲಿ ಇರಲಿ.

ರಾತ್ರಿ ಬೇಯಿಸುವುದು ಮರೆತ ದಿನ ಹಸಿ ಹೋಳಿನಿಂದಲೂ ಸುಮಾರಾಗಿ ಮಾಡಬಹುದು. ಒಂದು ಸೆಂಟಿಮೀಟರ್‌ಗಿಂತ ದೊಡ್ಡದಾಗದಂತೆ ಹೆಚ್ಚಿ, ತೊಳೆದು, ಹತ್ತಿಯ ಬಟ್ಟೆಯಲ್ಲಿ ಒತ್ತಿ ಒರೆಸಿ, ಕಾದ ಎಣ್ಣೆಗೆ ಹಾಕಿ ಸಣ್ಣ ಉರಿಯಲ್ಲಿ ಆರೇಳು ನಿಮಿಷ ಮುಚ್ಚಿ ಬೇಯಿಸಿ. ಆಮೇಲೆ ಮುಚ್ಚಳ ತೆಗೆದು, ಮುಚ್ಚಳದ ಒಳಗಿನ ನೀರು ಕಾವಲಿಗೆ ತೊಟ್ಟಿಕ್ಕದಂತೆ ಓರೆಯಾಗಿಸದೆ ಎತ್ತಿ, ಉರಿ ಹೆಚ್ಚಿಸಿ ಬಣ್ಣ ಬರಿಸಿ. ಬೇಯಿಸಿ ಒಣಗಿಸಿದ್ದರಷ್ಟು ದಪ್ಪ ಪದರ ಇದಕ್ಕೆ ಬರುವುದಿಲ್ಲ.

ಹುರಿದಾದ ಮೇಲೆ ಮುಚ್ಚಿಡಬೇಡಿ. ಒಳಗಿನ ಹಬೆ ಹೊರಗೆ ಬಂದು ಮುಚ್ಚಳಕ್ಕೆ ತಾಗಿ ನೀರಾಗಿ ಮೇಲೆಯೇ ಬೀಳುತ್ತದೆ. ಊಟದ ಡಬ್ಬಿಗೆ ಹಾಕಿ ಕಳುಹಿಸುವ ಯೋಚನೆ ಇದ್ದರೆ, ಮಧ್ಯಾಹ್ನದವರೆಗೆ ಗರಿ ಉಳಿಯುವುದಿಲ್ಲ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ಪೂರ್ತಿ ತಣ್ಣಗಾದ ಮೇಲೆ ಮುಚ್ಚಿದರೆ ರುಚಿಯಾದರೂ ಕೆಡುವುದಿಲ್ಲ. ಕಾವಲಿ ಇನ್ನೂ ಬೆಚ್ಚಗಿರುವಾಗಲೇ ಬಿಸಿನೀರು ಹಾಕಿ ತೆಂಗಿನ ನಾರಿನಿಂದ ಉಜ್ಜಿ ತೊಳೆಯಿರಿ. ಆಮೇಲೆ ಒಲೆಯ ಮೇಲಿಟ್ಟು ತೇವ ಪೂರ್ತಿ ಆರುವವರೆಗೆ ಕಾಯಿಸಿ, ಎಣ್ಣೆ ತಾಗಿಸಿದ ಬಟ್ಟೆಯಿಂದ ತೆಳುವಾಗಿ ಒರೆಸಿಡಿ. ಜುಲೈ ತಿಂಗಳಲ್ಲಿ ಒದ್ದೆಯಾಗಿ ಬಿಟ್ಟ ಬೀಡಿನ ಕಾವಲಿಗೆ ಮಾರನೆಯ ಬೆಳಿಗ್ಗೆಯೇ ತುಕ್ಕು ಹತ್ತಿರುತ್ತದೆ, ತುಕ್ಕು ಹತ್ತಿದ ಕಾವಲಿಗೆ ಎಷ್ಟು ಒಣಗಿದ ಹೋಳಾದರೂ ಅಂಟುತ್ತದೆ.